ಕರೆಯದೆ ಹೋಗಬೇಕಾದ ಮನೆ

ನಾನು ಕೆಲಸ ಮಾಡುವುದು ಲಗ್ನಪತ್ರಿಕೆ ಅಚ್ಚು ಹಾಕುವ ಅಂಗಡಿಯಲ್ಲಿ. ಕಾಟನ್‌ಪೇಟೆಯ ಒಂದು ಗಲ್ಲಿ, ಒಂದು ಮೆಟ್ಟಿಲಸಾಲು, ಆ ಮೆಟ್ಟಿಲ ಕೆಳಗೆ ನನ್ನ ಮೇಜು. ಪತ್ರಿಕೆ ಅಚ್ಚಿಗೆ ಹೋಗುವ ಮುಂಚೆ ಕರಡು ತಿದ್ದಿಕೊಡಬೇಕು. ವರನ ತಾತನ ಹೆಸರು ವಧುವಿನ ಕಡೆಗೆ ಹಾರಿಹೋಗಬಾರದು, ಮುಹೂರ್ತದ ಹೊತ್ತು ಬೆಳಗಿನದು ಸಂಜೆಗೆ ಬೀಳಬಾರದು, 'ಸುಪುತ್ರ' ಹೋಗಿ 'ಸುಪಾತ್ರ' ಆಗಬಾರದು. ಅಚ್ಚಿನ ಅಕ್ಷರದ ಮುಂದೆ ನಾನು ಹುಲಿ. ಬಾಯಿಂದ ಬರುವ ಮಾತಿನ ಮುಂದೆ ಇಲಿ.

ಈ ಇಲಿತನಕ್ಕೆ ಒಂದು ಹೆಸರಿದೆ ಎಂದು ಗೊತ್ತಾಗಿದ್ದು ನನ್ನ ಮೂವತ್ತೇಳನೇ ವಯಸ್ಸಿನಲ್ಲಿ. ಡಾಕ್ಟರೊಬ್ಬರು ನಾಲ್ಕು ಸಲ ಕರೆಸಿ, ನೂರೆಂಟು ಪ್ರಶ್ನೆ ಕೇಳಿ, ನನಗೆ ಆಟಿಸಂ ಇದೆ ಎಂದು ಬರೆದುಕೊಟ್ಟರು. ಅವರ ವರದಿಯಲ್ಲಿ ಎರಡು ಸ್ಪೆಲಿಂಗ್ ತಪ್ಪಿತ್ತು. ತೋರಿಸಿದೆ. ಅವರು ನಕ್ಕು, "ಇದನ್ನೂ ವರದಿಗೆ ಸೇರಿಸಬಹುದಿತ್ತು" ಎಂದರು. ಚಾಮರಾಜಪೇಟೆಯ ಮನೆಗೆ ಬಂದು ಅಮ್ಮನಿಗೆ ಹೇಳಿದೆ. ಆಟಿಸಂ ಅಂದರೆ ಏನು ಎಂದು ಕೇಳಿದಳು. ಜನ ಬಾಯಲ್ಲಿ ಹೇಳುವುದೊಂದು, ಮನಸ್ಸಲ್ಲಿ ಇಟ್ಟುಕೊಳ್ಳುವುದೊಂದು ಇರುತ್ತದಲ್ಲ, ಆ ಎರಡನೆಯದು ನನಗೆ ತಾನಾಗಿ ಕೇಳಿಸುವುದಿಲ್ಲ, ಸದ್ದುಗದ್ದಲ ತಡೆಯಲಾಗುವುದಿಲ್ಲ, ಮಾಡಿದ್ದನ್ನೇ ಮಾಡಿದರೆ ನೆಮ್ಮದಿ ಎಂದು ವಿವರಿಸಿದೆ. ಅಮ್ಮ ಸೊಪ್ಪು ಬಿಡಿಸುತ್ತಲೇ, "ನಿಮ್ಮ ತಾತನಿಗೂ ಹಂಗೇ ಇತ್ತು. ನಾವು ಅದಕ್ಕೆ ಮೊಂಡು ಅಂತಿದ್ವಿ, ಅಷ್ಟೇ" ಎಂದಳು.

ನನ್ನ ಕಷ್ಟವೆಲ್ಲ ಶುರುವಾಗಿದ್ದು 'ಬೇಡ' ಎಂಬ ಎರಡಕ್ಷರದಿಂದ. ಒಂಬತ್ತು ವರ್ಷದವಳಿದ್ದಾಗ ಬಸವನಗುಡಿಯಲ್ಲಿ ಅತ್ತೆಯ ಮನೆಗೆ ಹೋಗಿದ್ದೆವು. ಅತ್ತೆ ಚಕ್ಕುಲಿ ತಟ್ಟೆ ಹಿಡಿದು, "ತಗೋತೀಯಾ ಪುಟ್ಟಿ?" ಎಂದರು. ನಾನು "ತಗೋತೀನಿ, ಮೂರು" ಎಂದೆ. ಅಮ್ಮ ತೊಡೆ ಚಿವುಟಿದಳು. ದಾರಿಯುದ್ದಕ್ಕೂ ಪಾಠವಾಯಿತು. ಯಾರ ಮನೆಯಲ್ಲೇ ಆಗಲಿ, ಕೊಟ್ಟ ತಕ್ಷಣ ಬೇಕು ಅನ್ನಬಾರದು. ಮೊದಲನೇ ಸಲ ಬೇಡ ಅನ್ನಬೇಕು, ಎರಡನೇ ಸಲವೂ ಬೇಡ ಅನ್ನಬೇಕು, ಮೂರನೇ ಸಲ ಬಲವಂತ ಮಾಡಿದರೆ ತೆಗೆದುಕೊಳ್ಳಬೇಕು. ಲೆಕ್ಕ ಸುಲಭವಾಗಿತ್ತು, ನನಗೆ ಖುಷಿಯಾಯಿತು.

ಮುಂದಿನ ವಾರವೇ ಪರೀಕ್ಷೆ ಬಂತು. ನಮ್ಮ ಬೀದಿಯ ಇನ್ನೊಂದು ಮನೆಯಲ್ಲಿ ಆ ಮನೆಯಾಕೆ ಮೈಸೂರ್ ಪಾಕ್ ತಂದು ಮುಂದೆ ಹಿಡಿದರು. ತುಪ್ಪ ಜಿನುಗುತ್ತಿತ್ತು. ನಾನು ಬೆನ್ನು ನೆಟ್ಟಗೆ ಮಾಡಿ, "ಬೇಡ" ಎಂದೆ. ಅವರು "ಹೌದಾ" ಎಂದು ಒಳಗೆ ತೆಗೆದುಕೊಂಡು ಹೋಗಿಬಿಟ್ಟರು. ಮನೆಗೆ ಬಂದು ಹೊರಳಾಡಿ ಅತ್ತುಬಿಟ್ಟೆ. "ಅವ್ರು ಎರಡನೇ ಸಲ ಕೇಳ್ಲೇ ಇಲ್ಲ!"

"ಅವ್ರು ಜುಗ್ಗರು ಕಣೇ" ಎಂದಳು ಅಮ್ಮ.

"ಹಂಗಾದ್ರೆ ಜುಗ್ಗರ ಮನೇಲಿ ಮೊದಲ್ನೇ ಸಲವೇ ಬೇಕು ಅನ್ಬೇಕಾ? ಜುಗ್ಗರು ಅಂತ ಮುಂಚೇನೇ ಹೆಂಗ್ ಗೊತ್ತಾಗುತ್ತೆ?"

ಅಮ್ಮ ಒಲೆಯ ಮೇಲೆ ಹಾಲಿದೆ ಎಂದು ಎದ್ದು ಹೋದಳು.

ಬೀದಿಗೆ ಇಳಿದರೂ ಅದೇ ಕಥೆ. ನಮ್ಮಲ್ಲಿ ಹೊರಟವರನ್ನು ಎಲ್ಲಿಗೆ ಎಂದು ಕೇಳಬಾರದು, ಹೋದ ಕೆಲಸ ಕೆಡುತ್ತದಂತೆ. ಅದಕ್ಕೇ "ದೂರ ಹೊರಟ್ರಾ?" ಎನ್ನುತ್ತಾರೆ. ಕೇಳಿಸಿಕೊಂಡವರು "ಇಲ್ಲೇ, ಹಿಂಗೇ" ಎಂದು ಕೈ ಬೀಸಿ ಹೋಗಬೇಕು. ನನಗೆ ಅದು ಗೊತ್ತಾಗುವಷ್ಟರಲ್ಲಿ ಎದುರು ಮನೆಯ ಮೇಷ್ಟ್ರಿಗೆ ನಾನು "ದೂರ ಇಲ್ಲ, ಒಂದೂ ಕಾಲು ಕಿಲೋಮೀಟರು" ಎಂದು ಎಷ್ಟು ಸಲ ಹೇಳಿದ್ದೆನೋ. "ಊಟ ಆಯ್ತಾ?" ಎಂದವರಿಗೆ ಏನೇನು ಸಾರು, ಏನೇನು ಪಲ್ಯ ಎಂದೂ ವರದಿ ಒಪ್ಪಿಸುತ್ತಿದ್ದೆ. ಒಬ್ಬರೂ ತಿದ್ದಲಿಲ್ಲ. ಅಲ್ಲ, ಒಂದು ಪತ್ರಿಕೆಯಲ್ಲಿ ಒತ್ತು ಬಿಟ್ಟುಹೋದರೆ ನಾನು ಕೆಂಪು ಪೆನ್ನಿನಲ್ಲಿ ಗುರುತು ಹಾಕಿ ಕೊಡುತ್ತೇನೆ. ನನ್ನ ಮಾತಿನಲ್ಲಿ ತಪ್ಪಿದ್ದರೆ ಜನ ಯಾಕೆ ಗುರುತು ಹಾಕಿ ಕೊಡುವುದಿಲ್ಲ? ಸುಮ್ಮನೆ ಮುಖ ಮುಖ ನೋಡಿಕೊಳ್ಳುತ್ತಾರೆ. ಈ ವಿಷಯದಲ್ಲಿ ನನಗೆ ಈಗಲೂ ಸಿಟ್ಟಿದೆ.

ಅಚ್ಚಿನಲ್ಲಿ ಬಂದಿದ್ದಾದರೂ ನಿಜವಿರುತ್ತದೆ ಎಂದು ನಂಬಿದ್ದೆ. ನಮ್ಮ ಅಂಗಡಿಯ ಯಜಮಾನರ ಮಗಳ ಮದುವೆಯಲ್ಲಿ ಅದೂ ಹೋಯಿತು. ಪತ್ರಿಕೆಯ ಕೊನೆಯಲ್ಲಿ 'ಆಶೀರ್ವಾದವೇ ಉಡುಗೊರೆ' ಎಂದಿತ್ತು. ಕರಡು ತಿದ್ದಿದವಳೇ ನಾನು. ಹಾಗಾಗಿ ಬರಿಗೈಯಲ್ಲಿ ಹೋದೆ. ಬರಿಗೈ ಎಂದರೂ ಆಶೀರ್ವಾದವನ್ನು ಚೆನ್ನಾಗಿ ತಯಾರಿ ಮಾಡಿಕೊಂಡು ಹೋಗಿದ್ದೆ. ವೇದಿಕೆ ಹತ್ತಿ ಹುಡುಗ ಹುಡುಗಿ ಇಬ್ಬರಿಗೂ ಆರೋಗ್ಯ, ಆಯಸ್ಸು, ಕೆಲಸದಲ್ಲಿ ಬಡ್ತಿ, ಬಾಡಿಗೆ ಇಲ್ಲದ ಸ್ವಂತ ಮನೆ, ಕಾವೇರಿ ನೀರು, ಒಂದೊಂದಾಗಿ ಹಾರೈಸಿದೆ. ಹಿಂದೆ ಸಾಲು ಬೆಳೆಯಿತು. ವೀಡಿಯೊದವನು ಲೈಟ್ ಆರಿಸಿಬಿಟ್ಟ. ಆಮೇಲೆ ನೋಡಿದರೆ, ನನ್ನ ಹಿಂದಿದ್ದವರೆಲ್ಲರ ಕೈಯಲ್ಲೂ ಒಂದೊಂದು ಕವರ್, ಇಲ್ಲವೇ ಬಣ್ಣದ ಕಾಗದ ಸುತ್ತಿದ ಡಬ್ಬಿ. ಅವರಿಗೆ ಓದಲು ಬರುವುದಿಲ್ಲವೇ ಎಂದುಕೊಂಡೆ.

ಆವತ್ತು ಊಟದ ಸಾಲಿನಲ್ಲಿ ನನ್ನ ಪಕ್ಕ ಕೂತವಳು ನನ್ನ ಗೆಳತಿ. ಹೈಸ್ಕೂಲಿನಿಂದ ಜೊತೆಗಿರುವವಳು. ನಿಜ ಹೇಳಬೇಕೆಂದರೆ ನನಗಿರುವ ಒಬ್ಬಳೇ ಗೆಳತಿ. ಮಲ್ಲೇಶ್ವರದಲ್ಲಿ ಅಪ್ಪ ಅಮ್ಮನ ಜೊತೆ ಇದ್ದಳು, ಬ್ಯಾಂಕಿನಲ್ಲಿ ಕೆಲಸ. ಅವಳು ಜನರ ಮಾತನ್ನು ನನಗಾಗಿ ಅನುವಾದ ಮಾಡುತ್ತಿದ್ದಳು. ಬಡಿಸುವವರು ಬಂದರೆ, ಎದುರಿನವರ 'ಬೇಡ' ಬರಿಯ ಉಪಚಾರದ್ದಾಗಿದ್ದರೆ ಅವಳ ಕಾಲು ಸುಮ್ಮನಿರುತ್ತಿತ್ತು, ನಾನು ಹಾಕಿಸಿಕೊಳ್ಳಿ ಎಂದು ಬಲವಂತ ಮಾಡಬಹುದಿತ್ತು. ನಿಜವಾದ 'ಬೇಡ' ಬಂದ ತಕ್ಷಣ ಟೇಬಲ್ ಕೆಳಗೆ ನನ್ನ ಕಾಲು ಒತ್ತುತ್ತಿದ್ದಳು. ಅವಳಿಲ್ಲದ ಒಂದು ಮದುವೆಯಲ್ಲಿ ನಾನು ಸಕ್ಕರೆ ಕಾಯಿಲೆಯ ದೊಡ್ಡಪ್ಪನ ಎಲೆಗೆ ಮೂರು ಹೋಳಿಗೆ ಹಾಕಿಸಿ, ಅವರ ಮಕ್ಕಳಿಂದ ಬೈಸಿಕೊಂಡಿದ್ದೆ.

ಪ್ರತಿ ಶನಿವಾರ ಹನ್ನೊಂದು ಗಂಟೆಗೆ ನಾವಿಬ್ಬರೂ ಬಸವನಗುಡಿಯ ಒಂದು ದರ್ಶಿನಿಯಲ್ಲಿ, ಕೈ ತೊಳೆಯುವ ಜಾಗದಿಂದ ದೂರವಿರುವ ಅದೇ ಟೇಬಲಿನಲ್ಲಿ, ನಿಂತು ಒನ್ ಬೈ ಟು ಕಾಫಿ ಕುಡಿಯುತ್ತಿದ್ದೆವು. ತಿಂಗಳಿಗೊಂದು ಶನಿವಾರ ಅವಳ ಮನೆಗೆ ಹೋಗುತ್ತಿದ್ದೆ. ಅವಳಪ್ಪ, ನನಗೆ ಅಂಕಲ್, ನನ್ನನ್ನು ಹೇಗಿದೀಯ ಎಂದು ಕೇಳುತ್ತಿರಲಿಲ್ಲ. "ಈ ತಿಂಗಳು ಏನೇನ್ ತಪ್ಪು ಸಿಕ್ತಮ್ಮ?" ಎನ್ನುತ್ತಿದ್ದರು. ನಾನು ಒಂದೊಂದೇ ಹೇಳುವುದು, ಅವರು ಹೊಟ್ಟೆ ಹಿಡಿದು ನಗುವುದು. 'ವರಪೂಜೆ' ಹೋಗಿ 'ವರಸಜೆ' ಆಗಿದ್ದನ್ನು ಅವರು ನನ್ನಿಂದ ನಾಲ್ಕು ಸಲ ಹೇಳಿಸಿದ್ದರು. ನನ್ನ ಬಳಿ ಉತ್ತರವಿರುವ ಪ್ರಶ್ನೆಯನ್ನೇ ಕೇಳುವ ಮನುಷ್ಯ ಎಂದರೆ ನನಗೆ ಪ್ರಾಣ.

ಹೋದ ವರ್ಷ ಒಂದು ಮಂಗಳವಾರ ಬೆಳಿಗ್ಗೆ ಗೆಳತಿ ಫೋನ್ ಮಾಡಿದಳು. "ಅಪ್ಪ ಹೋಗ್ಬಿಟ್ರು ಕಣೇ" ಎಂದಳು. ಎಲ್ಲಿಗೆ ಎಂದು ನಾನು ಕೇಳಲಿಲ್ಲ, ಅಷ್ಟು ನನಗೆ ತಿಳಿಯುತ್ತದೆ. "ಬರ್ಲಾ?" ಎಂದೆ.

"ಬೇಡ ಬಿಡು. ತುಂಬಾ ಜನ ಬಂದಿದಾರೆ, ಗಲಾಟೆ. ನಿಂಗೆ ಆಗಲ್ಲ. ನಾನ್ ನೋಡ್ಕೋತೀನಿ" ಎಂದಳು.

"ಸರಿ" ಎಂದೆ.

ಆ 'ಸರಿ' ಎಂಥ ತಪ್ಪು ಎಂದು ನನಗೆ ಆಗ ಹೊಳೆಯಲೇ ಇಲ್ಲ. ನನ್ನ ಲೆಕ್ಕ ಹೀಗಿತ್ತು: ಉಪಚಾರದ 'ಬೇಡ' ಹೇಳುವುದು ಚಕ್ಕುಲಿಗೆ, ಕಾಫಿಗೆ, ಹೋಳಿಗೆಗೆ. ಅಪ್ಪ ಸತ್ತ ದಿನ ಯಾರಾದರೂ ಉಪಚಾರ ಮಾಡುತ್ತಾ ಕೂರುತ್ತಾರೆಯೇ? ಅದರಲ್ಲೂ ಇವಳು, ನಿಜದ 'ಬೇಡ' ಯಾವುದು ಎಂದು ನನಗೆ ಕಲಿಸಿದವಳು. ಆದ್ದರಿಂದ ಇದು ಅಪ್ಪಟ 'ಬೇಡ'. ಹೋದರೆ ಅವಳಿಗೆ ತೊಂದರೆ. ಅಂಗಡಿಯಲ್ಲಿ ಕೂತು ಆವತ್ತು ನಾಲ್ಕು ಪತ್ರಿಕೆ ತಿದ್ದಿದೆ. ಊಟದ ಡಬ್ಬಿ ಬಿಚ್ಚಲಿಲ್ಲ. ಒಂದು ಪತ್ರಿಕೆಯಲ್ಲಿ ಒಂದು ದೊಡ್ಡ ತಪ್ಪು ಸಿಕ್ಕಿತು. ಇದನ್ನು ಅಂಕಲ್‌ಗೆ ಹೇಳಬೇಕು ಎಂದುಕೊಂಡು, ಮೆಟ್ಟಿಲ ಕೆಳಗೆ ಕೂತಲ್ಲೇ ಅತ್ತೆ. ಹನ್ನೊಂದನೇ ದಿನದ ಕಾರ್ಯಕ್ಕೆ ಕರೆ ಬರುತ್ತದೆ ಎಂದು ಕಾದೆ. ಬರಲಿಲ್ಲ.

ಅಮ್ಮ ಆಗ ಊರಲ್ಲಿರಲಿಲ್ಲ. ಚಿಕ್ಕಮ್ಮನ ಮಂಡಿ ಆಪರೇಷನ್ನಿಗೆಂದು ತುಮಕೂರಿಗೆ ಹೋಗಿ ಒಂದು ತಿಂಗಳಾಗಿತ್ತು. ಬಂದವಳಿಗೆ ವಿಷಯ ಹೇಳಿದೆ. "ಅಯ್ಯೋ ಪಾಪ" ಎಂದು ಕಣ್ಣೊರೆಸಿಕೊಂಡು, "ಯಾರ್ಯಾರು ಬಂದಿದ್ರು?" ಎಂದಳು.

"ಗೊತ್ತಿಲ್ಲ. ನಾನು ಹೋಗ್ಲಿಲ್ಲ."

"ಹೋಗ್ಲಿಲ್ಲ?"

"ಬರ್ಲಾ ಅಂತ ಕೇಳ್ದೆ. ಬೇಡ ಅಂದ್ಲು."

ಅಮ್ಮ ಹಣೆ ಹಣೆ ಚಚ್ಚಿಕೊಂಡಳು. "ಶಿವನೇ! ಸಾವಿನ ಮನೆಗೆ ಬರ್ಲಾ ಅಂತ ಯಾರಾದ್ರೂ ಕೇಳ್ತಾರೇನೇ? ಮದುವೆಗೆ ಕರೆದ್ರೆ ಹೋಗ್ಬೇಕು, ಸಾವಿಗೆ ಕರೀದೇ ಹೋಗ್ಬೇಕು. ಇಷ್ಟೂ ಗೊತ್ತಿಲ್ವಾ ನಿಂಗೆ?"

ಗೊತ್ತಿರಲಿಲ್ಲ. ಹೇಗೆ ಗೊತ್ತಿರಬೇಕು? ಸಾವಿರಾರು ಕರೆಯೋಲೆ ಓದಿದ್ದೇನೆ. 'ತಾವು ಸಕುಟುಂಬ ಸಪರಿವಾರ ಸಮೇತರಾಗಿ ಬಂದು' ಎಂದು ಕರೆದ ಮೇಲೆ ಹೋಗುವುದು ಹೇಗೆ ಎಂಬುದು ನನಗೆ ಬಾಯಿಪಾಠ. ಕರೆಯದೇ ಇರುವುದೇ ಒಂದು ಕರೆ ಎಂದು ಯಾರೂ ಅಚ್ಚು ಹಾಕಿಸಿರಲಿಲ್ಲ. ಅಮ್ಮನ ಮೇಲೆ ರೇಗಿದೆ. ಚಕ್ಕುಲಿಯ ಬಗ್ಗೆ ಅಷ್ಟು ಪಾಠ ಮಾಡಿದವಳು ಸಾವಿನ ಬಗ್ಗೆ ಒಂದು ಮಾತು ಹೇಳಬಾರದಿತ್ತೇ? ಅಮ್ಮ, "ಇದನ್ನೆಲ್ಲ ಹೇಳ್ಕೊಡ್ತಾರೇನೇ" ಎಂದು ಒಳಗೆ ಹೋದಳು.

ಅಷ್ಟರಲ್ಲಿ ಹನ್ನೊಂದು ದಿನದ ಅವಧಿ ಮುಗಿದುಹೋಗಿತ್ತು. ಮುಗಿದ ಮೇಲೆ ಹೋಗುವುದು ಹೇಗೆ ಎಂದು ತಿಳಿಯಲಿಲ್ಲ. ಗೆಳತಿಗೆ 'ಆವತ್ತು ಬರಬೇಕಿತ್ತು, ತಪ್ಪಾಯಿತು' ಎಂದು ಮೆಸೇಜು ಹಾಕಿದೆ. 'ಪರವಾಗಿಲ್ಲ' ಎಂದು ಬಂತು. ಪರವಾಗಿಲ್ಲ ಎಂದ ಮೇಲೆ ಪರವಾಗಿಲ್ಲ ಎಂದುಕೊಂಡು, ಶನಿವಾರ ಕಾಫಿಗೆ ಬರುತ್ತೀಯಾ ಎಂದು ಕೇಳಿದೆ. 'ಈ ವಾರ ಆಗಲ್ಲ' ಎಂದಳು. ಮುಂದಿನ ವಾರ ಕೇಳಿದೆ. 'ಈ ವಾರ ಆಗಲ್ಲ.' ಅದರ ಮುಂದಿನ ವಾರವೂ ಕೇಳಿದೆ. ಈ ವಾರ ಆಗುವುದಿಲ್ಲ ಎಂದರೆ ಮುಂದಿನ ವಾರ ಆಗಬಹುದು ಎಂದೇ ತಾನೇ ಅರ್ಥ? ಹೀಗೆ ಹದಿನಾಲ್ಕು ಶನಿವಾರ ಕೇಳಿದೆ. ದರ್ಶಿನಿಗೆ ಒಬ್ಬಳೇ ಹೋಗಿ ನಿಂತರೆ ಕೌಂಟರಿನವರು ಒನ್ ಬೈ ಟು ಎಂದೇ ಬಿಲ್ ಹಾಕಿ, ಎರಡು ಲೋಟ ಕೊಡುತ್ತಿದ್ದರು. ಎರಡನ್ನೂ ನಾನೇ ಕುಡಿಯುತ್ತಿದ್ದೆ. ಎರಡನೆಯದು ಸೇರುತ್ತಿರಲಿಲ್ಲ. ಅವಳಿಲ್ಲದೆ ನನಗೆ ಜನರ ಮಾತು ಅರ್ಥವಾಗುತ್ತಿರಲಿಲ್ಲ, ನಿಜ. ಆದರೆ ದುಃಖ ಅದಕ್ಕಲ್ಲ. ನನಗೆ ಅವಳು ಬೇಕಿತ್ತು, ಅಷ್ಟೇ.

ಹದಿನೈದನೇ ಶನಿವಾರ ಬೆಳಿಗ್ಗೆ ನಾನು ಮತ್ತೆ ಮೆಸೇಜು ಕುಟ್ಟುತ್ತಿದ್ದಾಗ ಅಮ್ಮ ಬಂದು ಫೋನ್ ಕಿತ್ತುಕೊಂಡಳು. "ಕೇಳ್ಬೇಡ. ಹೋಗು."

"ಹನ್ನೊಂದು ದಿನ ಮುಗಿದು ಎಷ್ಟೋ ತಿಂಗಳಾಯ್ತಲ್ಲಮ್ಮ."

"ದುಃಖ ಏನು ಕ್ಯಾಲೆಂಡರ್ ನೋಡ್ಕೊಂಡು ಬರುತ್ತೇನೇ? ಎದ್ದೇಳು."

ಎದ್ದೆ. ಬರಿಗೈಯಲ್ಲಿ ಹೋಗಬಾರದು, ಬಾಳೆಹಣ್ಣು ತೆಗೆದುಕೊಂಡು ಹೋಗು ಎಂದಳು ಅಮ್ಮ. ಹೂವು ಬೇಡ, ಸ್ವೀಟು ಬೇಡ, ವರ್ಷ ತುಂಬಿಲ್ಲದ ಮನೆ. ಹೋದ ತಕ್ಷಣ ಚೆನ್ನಾಗಿದೀಯಾ ಅನ್ನಬೇಡ. ಬರುವಾಗ ಹೋಗಿ ಬರ್ತೀನಿ ಅನ್ನಬೇಡ. ಇಷ್ಟೊಂದು 'ಬೇಡ'ಗಳನ್ನು ಕೇಳಿ, ಹಾಗಾದರೆ ಏನು ಅನ್ನಬೇಕು ಎಂದೆ. ಅಮ್ಮ ಯೋಚಿಸಿ, "ಏನೂ ಅನ್ಬೇಡ" ಎಂದಳು. ಮಾರ್ಕೆಟ್ಟಿನಲ್ಲಿ ಮೆಟ್ರೋ ಹತ್ತಿ, ಕಿವಿಗೆ ಹತ್ತಿ ತುರುಕಿಕೊಂಡು, ಏನೂ ಅನ್ನದೇ ಇರುವುದನ್ನು ಅಭ್ಯಾಸ ಮಾಡುತ್ತಾ ಸಂಪಿಗೆ ರಸ್ತೆಯ ನಿಲ್ದಾಣದಲ್ಲಿ ಇಳಿದು, ಕಿವಿಯ ಹತ್ತಿ ತೆಗೆದು ಕೈಚೀಲಕ್ಕೆ ಹಾಕಿಕೊಂಡೆ. ಎಂಟನೇ ಕ್ರಾಸಿನಲ್ಲಿ ಹಣ್ಣು ಕೊಂಡೆ. ಹಣ್ಣಿನಾಕೆ ಸುಮ್ಮನಿರದೆ, "ಏನಮ್ಮ, ಮನೇಲಿ ಪೂಜೆನಾ?" ಎಂದರು. "ಇಲ್ಲ, ಕ್ಷಮೆ ಕೇಳಕ್ಕೆ" ಎಂದೆ. ಆಕೆ ಒಂದು ಹಣ್ಣು ಹೆಚ್ಚಿಗೆ ಹಾಕಿದರು.

ಗೆಳತಿಯೇ ಬಾಗಿಲು ತೆರೆದಳು. ಸೊರಗಿದ್ದಳು. ಅವಳ ಅಮ್ಮ ಊರಿಗೆ ಹೋಗಿದ್ದರು, ಮನೆಯಲ್ಲಿ ಒಬ್ಬಳೇ. ನನ್ನನ್ನು ನೋಡಿ ಮುಖದಲ್ಲಿ ಏನೋ ಆಯಿತು. ಏನೆಂದು ನನಗೆ ತಿಳಿಯಲಿಲ್ಲ, ಕಾಲು ಒತ್ತಿ ಹೇಳುವವಳು ಅವಳೇ ಆಗಿದ್ದಳಲ್ಲ.

"ಈಗ್ಯಾಕ್ ಬಂದೆ?" ಎಂದಳು.

ಏನೂ ಅನ್ನಬಾರದು ಎಂಬುದು ಮರೆತೇಹೋಯಿತು. "ನೀನು ಕರೀಲಿಲ್ಲ. ಅದಕ್ಕೇ ಬಂದೆ" ಎಂದೆ.

ಅವಳು ಬಾಗಿಲು ಹಿಡಿದುಕೊಂಡೇ ನಿಂತಿದ್ದಳು. ಆಮೇಲೆ ದಾರಿ ಬಿಟ್ಟಳು. ನಾನು ಚಪ್ಪಲಿ ಬಿಡುವುದನ್ನು ನೋಡುತ್ತಾ, "ಆವತ್ತು ಇದನ್ನೇ ಹುಡುಕ್ದೆ ಕಣೇ" ಎಂದಳು. ನನ್ನದು ಯಾವಾಗಲೂ ಒಂದೇ ಥರದ ಕಂದು ಚಪ್ಪಲಿ, ಹರಿದರೆ ಮತ್ತೆ ಅದನ್ನೇ ಕೊಳ್ಳುತ್ತೇನೆ. "ಬಾಗಿಲಲ್ಲಿ ನೂರು ಜೊತೆ ಚಪ್ಪಲಿ ಇತ್ತು. ಬಂದೋರ ಕೈಗೆಲ್ಲ ನೀರು ಕೊಡ್ತಾ ಕೊಡ್ತಾ, ಬಾಗಿಲಿಗೆ ಹೋಗಿ ಹೋಗಿ ನೋಡ್ದೆ. ಬೇಡ ಅಂದ್ರೂ ಬರ್ತಾಳೆ ಅಂದ್ಕೊಂಡೆ."

"ಬೇಡ ಅಂದ್ಯಲ್ಲ" ಎಂದೆ. "ಬೇರೆ ಯಾರಾದ್ರೂ ಅಂದಿದ್ರೆ ಅನುಮಾನ ಪಡ್ತಿದ್ದೆ. ನೀನಂದಿದ್ದಕ್ಕೆ ನಂಬ್ದೆ. ನಂಗೂ ನಿಮ್ಮಪ್ಪ ಬೇಕಾಗಿದ್ರು. ನಾನೂ ಅವ್ರನ್ನ ನೋಡ್ಲಿಲ್ಲ."

ಅವಳು ಹಣ್ಣಿನ ಚೀಲ ತೆಗೆದುಕೊಂಡು ಅಡುಗೆಮನೆಗೆ ಹೋದಳು. ಅಲ್ಲಿಂದಲೇ, "ಗೊತ್ತಿತ್ತು ನಂಗೆ" ಎಂದಳು. "ನಿಂಗೆ ಹಂಗೇ ಅರ್ಥ ಆಗಿರುತ್ತೆ ಅಂತ ಗೊತ್ತಿತ್ತು. ಗೊತ್ತಿದ್ರೂ ಸಿಟ್ಟು ಬಂತು. ನಿನ್ನ ಮೇಲೆ ಸಿಟ್ಟು ಮಾಡ್ಕೊಳ್ಳೋದು ಸುಲಭ ಇತ್ತು, ಮಾಡ್ಕೊಂಡೆ." ಪಾತ್ರೆಯ ಸದ್ದಿನ ನಡುವೆ, "ಕಾಫಿ ಕುಡೀತೀಯಾ?" ಎಂದಳು.

"ಕುಡೀತೀನಿ" ಎಂದೆ, ಮೊದಲನೇ ಸಲವೇ.

ಒಳಗಿನಿಂದ ನಕ್ಕ ಹಾಗೆ ಕೇಳಿಸಿತು. ಎರಡು ಲೋಟ ತಂದು ಟೀಪಾಯಿಯ ಮೇಲಿಟ್ಟು, ಎದುರಿನ ಕುರ್ಚಿಯಲ್ಲಿ ಕೂತಳು. ಅಂಕಲ್ ಕೂರುತ್ತಿದ್ದ ಕುರ್ಚಿಯ ಕಡೆ ನಾವಿಬ್ಬರೂ ನೋಡಲಿಲ್ಲ. ಕೇಳಿದ ತಕ್ಷಣ ಉತ್ತರ ಕೊಡಬೇಕೆಂದು ನಾನು ತಯಾರಾಗಿದ್ದೆ. ಅವಳು ಲೋಟ ಮುಟ್ಟದೆ ಕೈ ಕಟ್ಟಿಕೊಂಡಿದ್ದಳು.

"ನಾನಿನ್ನೂ ಅತ್ತಿಲ್ಲ ಕಣೇ" ಎಂದಳು. "ಬಂದೋರೆಲ್ಲ ಅಳಬೇಡ, ಅಳಬೇಡ, ಅಮ್ಮನ್ನ ನೋಡ್ಕೋ, ನೀನೇ ಧೈರ್ಯ ತಗೋಬೇಕು ಅಂದ್ರು. ತಗೊಂಡೆ. ಈಗ ಅದು ಬಿಡ್ತಾನೇ ಇಲ್ಲ. ನಂಗೆ ಈಗ ಅಳಬೇಕು. ನೀನು ಸಮಾಧಾನ ಮಾಡಕ್ಕೆ ಬರ್ಬೇಡ. ಮಾತಾಡ್ಬೇಡ. ಎದ್ದು ಹೋಗ್ಬೇಡ. ಸುಮ್ನೆ ಅಲ್ಲೇ ಕೂತಿರು."

ನನ್ನ ಜನ್ಮದಲ್ಲಿ ಯಾರೂ ನನಗೆ ಇಷ್ಟು ಸ್ಪಷ್ಟವಾಗಿ ಕೆಲಸ ಹೇಳಿರಲಿಲ್ಲ. ಆದರೂ ಒಂದು ವಿಷಯ ಅವಳು ಹೇಳುವುದನ್ನು ಬಿಟ್ಟಿದ್ದಳು.

"ಎಷ್ಟು ಹೊತ್ತು?" ಎಂದೆ.

"ಮುಗಿಯೋವರ್ಗೂ."

ಒಂದು ಗಂಟೆ ಹತ್ತು ನಿಮಿಷ ಹಿಡಿಯಿತು. ಮೊದಲು ಸದ್ದಿಲ್ಲದೆ, ಆಮೇಲೆ ಜೋರಾಗಿ, ಪಕ್ಕದ ಮನೆಯವರು ಕಿಟಕಿಗೆ ಬಂದು ನೋಡುವಷ್ಟು ಜೋರಾಗಿ ಅತ್ತಳು. ಜೋರು ಸದ್ದು ನನಗೆ ಆಗುವುದಿಲ್ಲ. ಕೈಚೀಲದಲ್ಲಿ ಹತ್ತಿ ಇತ್ತು. ತೆಗೆಯಲಿಲ್ಲ.